‘ನಿಮಗೆ ಗೊತ್ತೇ?’ ಎಂದು ಕೇಳುವ ಮುನ್ನ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಕಳೆದ ತಿಂಗಳ ಒಂದು ಭಾನುವಾರದ ಪುರವಣಿಯಲ್ಲಿ, ಪುಟದ ಕೆಳಮೂಲೆಯ ‘ನಿಮಗೆ ಗೊತ್ತೇ?’ ಚೌಕದಲ್ಲಿ, ‘ನಾನೂಕ್ ಆಫ್ ದ ನಾರ್ತ್’ ಎಂಬ 1922ರ ಸಾಕ್ಷ್ಯಚಿತ್ರದ ಬಗ್ಗೆ ಒಂದು ಸಾಲು ಪ್ರಕಟವಾಗಿತ್ತು. ಜಗತ್ತೇ ಮೆಚ್ಚಿದ ಆ ಚಿತ್ರದ ನಾಯಕ, ಚಿತ್ರ ತೆರೆಕಂಡು ಎರಡು ವರ್ಷ ತುಂಬುವಷ್ಟರಲ್ಲಿ ಹಿಮದ ನಡುವೆ ಹಸಿವಿನಿಂದ ಸತ್ತನೆಂದು ಅದರಲ್ಲಿ ಬರೆದಿತ್ತು. ಆ ಸಾಲಿನ ಬಗ್ಗೆ ದೂರು ಹೇಳಲು ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ಭಾವಿಸಬಾರದು. ದೂರುವ ಹಕ್ಕು ನನಗಿಲ್ಲ. ಅದೇ ಸಾಲನ್ನು, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಅದಕ್ಕೂ ಕೆಲವು ವಾರ ಮೊದಲು ನಾನೇ ಬರೆದಿದ್ದೆ. ಅದು ಹೊರಗೆ ಬಾರದೆ ಉಳಿದದ್ದು ನನ್ನ ಜಾಣ್ಮೆಯಿಂದಲ್ಲ, ಬಿ.ಎ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ ಕೇಳಿದ ಒಂದೇ ಒಂದು ಪ್ರಶ್ನೆಯಿಂದ. ಆ ಪ್ರಶ್ನೆ ತಮ್ಮ ಪುರವಣಿಯ ಚೌಕ ಬರೆಯುವವರಿಗೂ ಉಪಯೋಗವಾದೀತೆಂಬ ಆಸೆಯಿಂದ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನಾನು ಕಾಲೇಜೊಂದರ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ವಿದ್ಯಾರ್ಥಿಗಳೊಂದಿಗೆ ಕೂತು ಕನ್ನಡ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯುವುದು ಈಗ ನನ್ನ ಹವ್ಯಾಸ. 2003ರಲ್ಲಿ ಶುರುವಾದ ಈ ಕನ್ನಡ ವಿಶ್ವಕೋಶದಲ್ಲಿ ಕಥಾಚಿತ್ರಗಳ ಬಗ್ಗೆ ಬರೆಯಲು ಜನ ಸಿಗುತ್ತಾರೆ, ಸಾಕ್ಷ್ಯಚಿತ್ರಗಳೆಂದರೆ ಹಿಂದೆ ಸರಿಯುತ್ತಾರೆ. ಹಾಗಾಗಿ ಈ ವರ್ಷ ಸಾಕ್ಷ್ಯಚಿತ್ರಗಳನ್ನೇ ಹಿಡಿಯೋಣವೆಂದು ತೀರ್ಮಾನಿಸಿ, ಎಲ್ಲಕ್ಕೂ ಮೊದಲಿನದೆಂದು ಹೆಸರಾದ ‘ನಾನೂಕ್’ನಿಂದಲೇ ಆರಂಭಿಸಿದೆವು. ಲೇಖನ ಮುಗಿಸುವುದು ಕಷ್ಟವಾಗಲಿಲ್ಲ. ಲೇಖನವೊಂದು ಬಂದಿದೆಯೆಂದು ನಾಲ್ಕು ಜನರಿಗೆ ತಿಳಿಸಲು, ಓದುಗನನ್ನು ಒಳಗೆ ಕರೆತರಬಲ್ಲ ಒಂದೇ ಒಂದು ಸ್ವಾರಸ್ಯದ ಸಾಲನ್ನು ಆರಿಸುವುದಿತ್ತಲ್ಲ, ಅದಕ್ಕೆ ಮಾತ್ರ ನಮಗೆ ಮೂರು ಶನಿವಾರಗಳು ಬೇಕಾದವು.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದೊಂದು ದೊಡ್ಡ ವ್ಯವಸ್ಥೆಯೇ ಆಗಿದೆ. ಅದರ ಮುಖಪುಟದಲ್ಲಿ 2004ರಿಂದ ‘ಡಿಡ್ ಯು ನೋ’ ಎಂಬ ಅಂಕಣವಿದ್ದು, ಹೊಸ ಲೇಖನಗಳಿಂದ ಆಯ್ದ ಸಾಲುಗಳು ಅಲ್ಲಿ ಸರದಿಯಂತೆ ಬರುತ್ತವೆ. ಆ ಸಾಲಿಗೆ ಅವರು ‘ಹುಕ್’ ಎನ್ನುತ್ತಾರೆ. ನಮ್ಮ ಹುಡುಗರು ‘ಗಾಳ’ ಎಂದು ಕನ್ನಡಿಸಿಕೊಂಡಿದ್ದಾರೆ. ಗಾಳ ಹಾಕುವ ಮುನ್ನ ಪಾಲಿಸಬೇಕಾದ ಕಟ್ಟಳೆಗಳು ಕಡಿಮೆಯಿಲ್ಲ. ಲೇಖನ ಹುಟ್ಟಿ ಏಳು ದಿನಗಳೊಳಗೆ ಅರ್ಜಿ ಹೋಗಬೇಕು. ಇಲ್ಲವೇ ಹಳೆಯ ಲೇಖನವನ್ನು ಐದು ಪಟ್ಟು ಬೆಳೆಸಿರಬೇಕು, ಇಲ್ಲವೇ ಅದು ಈಚೆಗೆ ಉತ್ತಮ ಲೇಖನವೆಂಬ ಮಾನ್ಯತೆ ಪಡೆದಿರಬೇಕು. ಲೇಖನದ ಗದ್ಯ 1,500 ಅಕ್ಷರಗಳಿಗೆ ಕಡಿಮೆಯಿರಬಾರದು, ಗಾಳ 200 ಅಕ್ಷರಗಳನ್ನು ಮೀರಬಾರದು. ಗಾಳದಲ್ಲಿ ಹೇಳಿದ ಸಂಗತಿ ಲೇಖನದೊಳಗೂ ಇರಬೇಕು, ಅಲ್ಲಿ ಅದರ ಬೆನ್ನಿಗೇ ಆಕರವಿರಬೇಕು. ಬರೆದವನೇ ಒಪ್ಪಿಗೆಯ ಮುದ್ರೆ ಒತ್ತಿಕೊಳ್ಳುವಂತಿಲ್ಲ, ಬೇರೊಬ್ಬ ಸ್ವಯಂಸೇವಕ ಆಕರವನ್ನು ತೆರೆದು ನೋಡಿ ಸರಿಯೆನ್ನಬೇಕು. ಕೆಲವು ಅರ್ಜಿಗಳನ್ನು ಹಾಕಿ ಪಳಗಿದವನಾದರೆ, ತನ್ನ ಪ್ರತಿಯೊಂದು ಹೊಸ ಅರ್ಜಿಗೆ ಬದಲಾಗಿ ಇನ್ನೊಬ್ಬರ ಅರ್ಜಿಯೊಂದನ್ನು ಪರಿಶೀಲಿಸಿಕೊಡಬೇಕು. ಊರಿನ ಮುಯ್ಯಿ ಲೆಕ್ಕದಂಥ ಈ ಏರ್ಪಾಟು ನನಗೆ ಬಹಳ ಹಿಡಿಸಿತು.

ಕನ್ನಡದಲ್ಲಿ ನಮ್ಮನ್ನು ಯಾರೂ ಹೀಗೆ ಕಟ್ಟಿಹಾಕಿರಲಿಲ್ಲ. ನಾವೇ ಆ ಕಟ್ಟಳೆಗಳನ್ನು ಎರವಲು ತಂದು ನಮ್ಮ ಮೇಲೆ ಹೇರಿಕೊಂಡೆವು. ಮೊದಲ ಪೆಟ್ಟು ಬಿದ್ದದ್ದು 200 ಅಕ್ಷರಗಳ ಮಿತಿಯಲ್ಲಿ. ‘ಸಾಕ್ಷ್ಯಚಿತ್ರ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಗಣಕಯಂತ್ರಕ್ಕೆ ಅದು ಹನ್ನೆರಡು: ಮೂಲವ್ಯಂಜನ ಬೇರೆ, ದೀರ್ಘ ಬೇರೆ, ವಿರಾಮ ಬೇರೆ, ಗುಡಿಸು ಬೇರೆ ಎಂದು ಅದು ಎಣಿಸಿಕೊಳ್ಳುತ್ತದೆ. ಒತ್ತಕ್ಷರಗಳ ಸಂಭ್ರಮವಿರುವ ಭಾಷೆಯಲ್ಲಿ ಯಂತ್ರದ ಲೆಕ್ಕವನ್ನು ನಂಬಿದರೆ ವಾಕ್ಯ ಮುಗಿಯುವುದಕ್ಕೆ ಮೊದಲೇ ಮಿತಿ ಮುಗಿದಿರುತ್ತದೆ. ಕೊನೆಗೆ, ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳನ್ನೇ ಎಣಿಸಿ, ನೂರಕ್ಕೆ ನಿಲ್ಲಿಸುವುದೆಂದು ಒಪ್ಪಂದವಾಯಿತು.

ಚಿತ್ರದ ಹಿನ್ನೆಲೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ಅರ್ಥವಾಗದು. ರಾಬರ್ಟ್ ಫ್ಲಾಹರ್ಟಿ ಮೂಲತಃ ಸಿನಿಮಾದವನಲ್ಲ, ಕೆನಡಾದ ಉತ್ತರದಲ್ಲಿ ಹಡ್ಸನ್ ಕೊಲ್ಲಿಯ ಆಸುಪಾಸು ಕಬ್ಬಿಣದ ಅದಿರು ಹುಡುಕುತ್ತ ತಿರುಗಾಡುತ್ತಿದ್ದವನು. 1913ರಲ್ಲಿ ಜೊತೆಗೊಂದು ಕ್ಯಾಮೆರಾ ಒಯ್ದು, ಅಲ್ಲಿನ ಇನ್ಯುಯಿಟ್ ಜನರ ಬದುಕನ್ನು ಚಿತ್ರಿಸತೊಡಗಿದ. 1916ರಲ್ಲಿ ಟೊರಾಂಟೊದಲ್ಲಿ ಕೂತು ಅದನ್ನೆಲ್ಲ ಜೋಡಿಸುತ್ತಿದ್ದಾಗ ಅವನದೇ ಸಿಗರೇಟಿನ ಕಿಡಿ ಬಿದ್ದು ಸುಮಾರು 30,000 ಅಡಿ ನೆಗೆಟಿವ್ ಸುಟ್ಟುಹೋಯಿತು. ಆ ಕಾಲದ ನೈಟ್ರೇಟ್ ಫಿಲ್ಮು ಹತ್ತಿಕೊಂಡರೆ ಆರಿಸುವುದು ಸುಲಭವಲ್ಲ. ಮತ್ತೆ ಹೋಗಿ ಹೊಸದಾಗಿ ಚಿತ್ರಿಸಲು ಹಣ ಕೊಟ್ಟದ್ದು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ರೆವಿಯೋನ್ ಫ್ರೇರ್ ಎಂಬ ಫ್ರೆಂಚ್ ಕಂಪನಿ. 1920ರ ಆಗಸ್ಟ್‌ನಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ, ಈಗ ಇನುಕ್ಜುವಾಕ್ ಎಂದು ಕರೆಯುವ ಊರಿನ ಸುತ್ತ ಚಿತ್ರೀಕರಣ ನಡೆಯಿತು. 1922ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಚಿತ್ರ ತೆರೆಕಂಡಿತು. ‘ಡಾಕ್ಯುಮೆಂಟರಿ’ ಎಂಬ ಪದವನ್ನು ಜಾನ್ ಗ್ರಿಯರ್ಸನ್ ಬಳಸಿ ಪ್ರಸಿದ್ಧಿಗೆ ತಂದದ್ದು 1926ರಲ್ಲಿ, ಇದೇ ಫ್ಲಾಹರ್ಟಿಯ ಮುಂದಿನ ಚಿತ್ರದ ವಿಮರ್ಶೆಯೊಂದರಲ್ಲಿ. ಅಂದರೆ ನಮ್ಮ ಚಿತ್ರ ಹುಟ್ಟಿದಾಗ ಅದರ ಜಾತಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಇಷ್ಟರಲ್ಲೇ ನಾಲ್ಕಾರು ಗಾಳಗಳು ಸಿಕ್ಕವೆಂದು ತಾವು ಹೇಳಬಹುದು. ನಮಗೂ ಹಾಗೆಯೇ ಅನ್ನಿಸಿತ್ತು. ಸಿಗರೇಟಿನ ಕಿಡಿಯನ್ನು ಹುಡುಗರೆಲ್ಲ ಒಮ್ಮತದಿಂದ ಮೆಚ್ಚಿದರು, ಆದರೆ ಸುಟ್ಟದ್ದು ಈ ಚಿತ್ರವಲ್ಲ, ಇದಕ್ಕೂ ಹಿಂದಿನದು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ 1989ರಲ್ಲಿ ಸೇರಿದ ಮೊದಲ 25 ಚಿತ್ರಗಳಲ್ಲಿ ಇದೂ ಒಂದೆಂಬುದು ಸತ್ಯವೇ, ಆದರೆ ಅದನ್ನು ಓದಿ ಯಾರೂ ಲೇಖನ ತೆರೆಯುವುದಿಲ್ಲ. ಪ್ರಶಸ್ತಿ, ದಾಖಲೆ, ‘ಮೊದಲನೆಯದು’ ಎಂಬ ಬಿರುದು ಇವೆಲ್ಲ ಸನ್ಮಾನಪತ್ರದ ಸಾಲುಗಳು. ಅವುಗಳಿಂದ ಚಿತ್ರದ ಗೌರವ ತಿಳಿಯಬಹುದೇ ಹೊರತು ಚಿತ್ರ ತಿಳಿಯುವುದಿಲ್ಲ.

ಆಗ ನಾನು ಮುಂದಿಟ್ಟದ್ದೇ ಹಸಿವಿನ ಸಾವು. ಚಿತ್ರವನ್ನು ಒಮ್ಮೆ ನೋಡಿದವರಿಗೆ ಆ ಸಾಲಿನ ಸೆಳೆತ ಎಂಥದೆಂದು ಗೊತ್ತಿರುತ್ತದೆ. ನಗುಮೊಗದ ಆ ಬೇಟೆಗಾರ, ಮಗುವಿಗೆ ಪುಟ್ಟ ಬಿಲ್ಲು ಕಲಿಸುವ ಅಪ್ಪ, ಹಿಮದ ಗೋಡೆಗೆ ಮಂಜುಗಡ್ಡೆಯ ಕಿಟಕಿ ಕೂರಿಸುವ ಕುಶಲಿ ನಮ್ಮ ಮನಸ್ಸಿನಲ್ಲಿ ಉಳಿದಿರುತ್ತಾನೆ. ಅವನೇ ಊಟವಿಲ್ಲದೆ ಸತ್ತನೆಂದರೆ ಎಂಥವರ ಕರುಳೂ ಚುರುಕ್ ಎನ್ನುತ್ತದೆ. ಆಕರವೂ ನನ್ನ ಬಳಿ ಇತ್ತು. ಆಕರ ಬೇರೆ ಯಾರದೂ ಅಲ್ಲ, ಫ್ಲಾಹರ್ಟಿಯದೇ. ಆಮೇಲೆ ಸೇರಿಸಿದ, ಈಗ ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಬರುವ ಮುನ್ನುಡಿಯಲ್ಲೇ, ವರ್ಷಕ್ಕೊಮ್ಮೆ ಉತ್ತರದಿಂದ ಬರುವ ಅಂಚೆಯಲ್ಲಿ ಆ ಸಾವಿನ ಸುದ್ದಿ ತನಗೆ ತಲುಪಿತೆಂದೂ, ಜಿಂಕೆ ಸಿಕ್ಕೀತೆಂದು ಒಳನಾಡಿಗೆ ಹೋದವನು ಹಸಿವಿನಿಂದ ಸತ್ತನೆಂದೂ ಅವನು ಹೇಳಿಕೊಂಡಿದ್ದಾನೆ. ನಿರ್ದೇಶಕನೇ ಹೇಳಿದ ಮೇಲೆ ಇನ್ನೇನು ಬೇಕೆಂದು ನಾನು ಕೇಳಿದೆ.

ಆ ಹುಡುಗಿ ಕೇಳಿದ್ದು ಇಷ್ಟೇ: “ಸರ್, ಅವನು ಸಾಯುವಾಗ ಇವನು ಎಲ್ಲಿದ್ದ?”

ಮೂವತ್ತು ವರ್ಷ ಪುಸ್ತಕಗಳ ನಡುವೆ ಕೂತವನಿಗೆ ಹೊಳೆಯದ ಪ್ರಶ್ನೆ ಅದು. ಫ್ಲಾಹರ್ಟಿ ಅಲ್ಲಿರಲಿಲ್ಲ. ಅವನು ಆ ಊರು ಬಿಟ್ಟು ಎರಡು ವರ್ಷಗಳಾಗಿದ್ದವು, ಸುದ್ದಿ ತಲುಪಿದ್ದು ಅಂಚೆಯಲ್ಲಿ, ಅಂಚೆಯೋ ವರ್ಷಕ್ಕೆ ಒಂದೇ ಸಲ ಬರುವಂಥದು. ಆ ಪತ್ರ ಬರೆದವರು ಕಣ್ಣಾರೆ ಕಂಡು ಬರೆದರೋ ಯಾರೋ ಹೇಳಿದ್ದನ್ನು ಬರೆದರೋ ಎಂಬುದು ಆ ಮುನ್ನುಡಿಯಲ್ಲಿ ಇಲ್ಲ. ಆ ವ್ಯಕ್ತಿ ತೀರಿಕೊಂಡದ್ದು ಮನೆಯಲ್ಲಿ, ಬಹುಶಃ ಕ್ಷಯರೋಗದಿಂದ ಎಂಬುದು ಈ ವಿಷಯವನ್ನು ನಂತರ ಕೆದಕಿ ನೋಡಿದವರ ಅಭಿಪ್ರಾಯ. ಅಷ್ಟೇಕೆ, ಅವನ ಹೆಸರೂ ನಾನೂಕ್ ಅಲ್ಲ, ಅವನು ಅಲ್ಲಕರಿಯಲ್ಲಕ್. ನಾನೂಕ್ ಎಂದರೆ ಅವರ ಭಾಷೆಯಲ್ಲಿ ಹಿಮಕರಡಿ, ಪ್ರೇಕ್ಷಕರ ನಾಲಗೆಗೂ ನೆನಪಿಗೂ ಸುಲಭವಾಗಲೆಂದು ಇಟ್ಟ ಹೆಸರದು. ಚಿತ್ರದಲ್ಲಿ ಅವನ ಹೆಂಡತಿಯಾಗಿ ಕಾಣಿಸಿಕೊಂಡ ಹೆಂಗಸು ನಿಜದಲ್ಲಿ ಅವನ ಹೆಂಡತಿಯಲ್ಲ. ನಾನು ಬರೆದಿದ್ದ ಒಂದು ಸಾಲಿನಲ್ಲಿ ಹೆಸರು ಬೇರೆಯವರು ಇಟ್ಟದ್ದು, ಸಾವು ಬೇರೆಯವರು ಹೇಳಿದ್ದು. ಉಳಿದ ಸತ್ಯವೆಂದರೆ ‘1922’ ಮಾತ್ರ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಗಾದೆ ವಿಸ್ತರಣೆಗೆಂದು ಬರೆದವರೇ. ಸಾಕ್ಷ್ಯಚಿತ್ರದ ವಿಷಯದಲ್ಲಿ ಆ ಗಾದೆಗೆ ಬೇರೆಯೇ ತೂಕ ಬರುತ್ತದೆ, ಏಕೆಂದರೆ ಪ್ರತ್ಯಕ್ಷವಾಗಿ ಕಾಣಿಸುವುದೇ ಅದರ ಕಸುಬು, ಮತ್ತು ನಾವು ಕಂದಾಯ ಇಲಾಖೆಯ ದಾಖಲೆಯನ್ನು ನಂಬುವಂತೆ ಅದನ್ನು ನಂಬಿಬಿಡುತ್ತೇವೆ. (ಪಹಣಿಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ರೈತರಿಗೆ ಗೊತ್ತು, ಅದು ಬೇರೆ ಪತ್ರದ ವಿಷಯ.) ಕಥಾಚಿತ್ರದ ನಾಯಕ ತೆರೆಯ ಮೇಲೆ ಸತ್ತರೆ, ನಟ ಮನೆಗೆ ಹೋಗಿ ಊಟ ಮಾಡಿದನೆಂದು ಮಗುವಿಗೂ ತಿಳಿದಿರುತ್ತದೆ. ಸಾಕ್ಷ್ಯಚಿತ್ರದಲ್ಲಿ ಹಾಗಲ್ಲ, ಅಲ್ಲಿ ತೆರೆಯ ಮೇಲಿನ ಸಂಗತಿಯೂ ತೆರೆಯ ಹೊರಗಿನ ಸಂಗತಿಯೂ ಒಂದೇ ಎಂಬ ನಂಬಿಕೆಯಿಂದಲೇ ನಾವು ಕೂತಿರುತ್ತೇವೆ. ಅಂಥ ಚಿತ್ರದ ಬಗ್ಗೆ ಒಂದು ಸಾಲು ಬರೆಯುವವನು ಚಿತ್ರ ಹೇಳಿದ್ದನ್ನೇ ಮತ್ತೆ ಹೇಳಿದರೆ, ಸಾಕ್ಷಿಯ ಮಾತಿಗೆ ಅದೇ ಸಾಕ್ಷಿಯ ಮಾತನ್ನೇ ಪುರಾವೆಯಾಗಿ ಒಪ್ಪಿಸಿದಂತಾಗುತ್ತದೆ.

ಹಾಗೆಂದು ಫ್ಲಾಹರ್ಟಿಯನ್ನು ನಂಬಲೇಬಾರದೆಂದು ನಾವು ತೀರ್ಮಾನಿಸಲಿಲ್ಲ. ಎರಡನೇ ಶನಿವಾರ ನಮ್ಮ ಕೈಗೆ ಸಿಕ್ಕ ಅತ್ಯುತ್ತಮ ಸಂಗತಿ ಅವನದೇ ಬರಹದಿಂದ ಬಂದದ್ದು. ಚಿತ್ರ ಬಿಡುಗಡೆಯಾದ 1922ರಲ್ಲೇ ತಾನು ಅದನ್ನು ಹೇಗೆ ತೆಗೆದೆನೆಂದು ಅವನು ಪತ್ರಿಕೆಯೊಂದಕ್ಕೆ ಬರೆದಿದ್ದಾನೆ. ಅದರಲ್ಲಿ ಇಗ್ಲೂವಿನ ಕಥೆ ಬರುತ್ತದೆ.

ಸಾಮಾನ್ಯವಾಗಿ ಆ ಜನ ಕಟ್ಟುವ ಹಿಮದ ಮನೆಯ ಅಡ್ಡಳತೆ ಸುಮಾರು 12 ಅಡಿ. ಅದರೊಳಗೆ ಸಂಸಾರ ಹಿಡಿಸೀತು, ಸಂಸಾರದ ಜೊತೆಗೆ ಕ್ಯಾಮೆರಾ ಹಿಡಿಸದು. 25 ಅಡಿಯದನ್ನು ಕಟ್ಟಿಕೊಡಬೇಕೆಂದು ಫ್ಲಾಹರ್ಟಿ ಕೇಳಿದ. ಅಂಥದೊಂದನ್ನು ಅವರು ಹಿಂದೆಂದೂ ಕಟ್ಟಿರಲಿಲ್ಲ. ಎರಡು ದಿನ, ಹೆಂಗಸರು ಮಕ್ಕಳೂ ಕೈಜೋಡಿಸಿ, ಗುಮ್ಮಟವನ್ನು ಎಬ್ಬಿಸಿದರು. ಬೆಳಕಿಗೆಂದು ಮಂಜುಗಡ್ಡೆಯ ದೊಡ್ಡ ಹಲಗೆಗಳನ್ನು ಕಿಟಕಿಗಳಾಗಿ ಕೂರಿಸಲು ಗೋಡೆ ಕೊರೆಯುತ್ತಿದ್ದಂತೆ ಇಡೀ ಗುಮ್ಮಟ ಕುಸಿದು ಬಿತ್ತು. ಇನ್ನೆರಡು ದಿನ ದುಡಿದು ಮತ್ತೆ ಕಟ್ಟಿದರು; ಕಿಟಕಿ ಇಡುವ ಹೊತ್ತಿಗೆ ಮತ್ತೆ ಕುಸಿಯಿತು. ಎರಡನೇ ಸಲ ಬಿದ್ದಾಗ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮೂರನೆಯ ಬಾರಿಗೆ ಹೆಂಗಸರು ಮಕ್ಕಳು ಪೀಪಾಯಿಗಳಲ್ಲಿ ನೀರು ತಂದು, ಗೋಡೆ ಏರಿದಂತೆಲ್ಲ ಸುರಿದು, ಅದನ್ನು ಹೆಪ್ಪುಗಟ್ಟಿಸುತ್ತ ಬಂದರು. ಗುಮ್ಮಟ ನಿಂತಿತು. ಆದರೆ ಕಿಟಕಿಗಳಿಂದ ಬಂದ ಬೆಳಕು ಆ ಕಾಲದ ಫಿಲ್ಮಿಗೆ ಸಾಲಲಿಲ್ಲ. ಕೊನೆಗೆ ಕ್ಯಾಮೆರಾದ ಮೇಲೆ ಬರುವ ಅರ್ಧ ಗುಮ್ಮಟವನ್ನೇ ಕತ್ತರಿಸಿ ತೆಗೆದರು. ಪ್ರೇಕ್ಷಕರು ಬೆಚ್ಚಗಿನ ಮನೆಯೊಳಗೆ ಮಲಗೇಳುವುದೆಂದು ನೋಡುವ ಆ ಕುಟುಂಬ, ಹೊರಗಿನ ಚಳಿಯೆಲ್ಲ ನೇರವಾಗಿ ಸುರಿಯುತ್ತಿದ್ದ ಅರ್ಧ ಮನೆಯಲ್ಲಿ ಬಟ್ಟೆ ಬಿಚ್ಚಿ, ತುಪ್ಪಳದೊಳಗೆ ಸೇರಿಕೊಂಡು, ಮತ್ತೆ ಎದ್ದಿತು.

ಇದನ್ನು ಹೇಳುವವನು ಆ ಚಳಿಯಲ್ಲಿ ಕ್ಯಾಮೆರಾದ ಹಿಂದೆ ನಿಂತಿದ್ದವನು, ಅದನ್ನು ಹೇಳುವುದರಿಂದ ಅವನ ಚಿತ್ರಕ್ಕೆ ಲಾಭವೇನೂ ಇರಲಿಲ್ಲ. ಹಸಿವಿನ ಸಾವಿನ ವಿಷಯದಲ್ಲಿ ಅವನು ಸ್ಥಳದಲ್ಲಿರಲಿಲ್ಲ, ಮತ್ತು ಆ ಸುದ್ದಿ ಪ್ರಕೃತಿಯ ವಿರುದ್ಧ ಮನುಷ್ಯನ ಹೋರಾಟವೆಂಬ ಅವನ ಚಿತ್ರದ ಧಾಟಿಗೆ ಹೇಳಿ ಮಾಡಿಸಿದಂತಿತ್ತು. ಮನುಷ್ಯ ಒಬ್ಬನೇ, ಒಂದು ಕಡೆ ಒಳ್ಳೆಯ ಸಾಕ್ಷಿ, ಇನ್ನೊಂದು ಕಡೆ ಅಲ್ಲ. ಆಕರವೆಂದರೆ ಯಾರ ಹೆಸರು ಎಂದಷ್ಟೇ ಅಲ್ಲ, ಅವರು ಎಲ್ಲಿ ನಿಂತಿದ್ದರು ಎಂಬುದೂ ಹೌದು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಕಲಿಸಬೇಕಿತ್ತು, ಅವರಿಂದ ಕಲಿತೆ.

ಅದೇ ಬರಹದಲ್ಲಿ ಇನ್ನೊಂದು ಸಂಗತಿಯಿದ್ದು, ಅದೂ ಬಹಳ ಹೊತ್ತು ಸ್ಪರ್ಧೆಯಲ್ಲಿತ್ತು. ಕಡಲಾನೆ ಎಂದೂ ಕರೆಯುವ ವಾಲ್ರಸ್ ಬೇಟೆಗೆ ಹೊರಡುವ ಮುನ್ನ, ಚಿತ್ರಕ್ಕೆ ಅಡ್ಡಿಯಾಗುವುದಾದರೆ ಬೇಟೆಯನ್ನೇ ಕೈಬಿಡಬೇಕಾದೀತು, ತನಗೆ ಬೇಕಾದದ್ದು ಮಾಂಸವಲ್ಲ, ಚಿತ್ರ ಎಂದು ಫ್ಲಾಹರ್ಟಿ ಹೇಳಿದಾಗ, ಅಲ್ಲಕರಿಯಲ್ಲಕ್ ‘ಅಗ್ಗೀ’ಯೇ ಮೊದಲು ಎಂದು ಭಾಷೆ ಕೊಟ್ಟನಂತೆ. ಅಗ್ಗೀ ಎಂದರೆ ಚಿತ್ರ. ಆಮೇಲೆ ಈಟಿಗೆ ಸಿಕ್ಕ ಭಾರೀ ಪ್ರಾಣಿ ಅವರನ್ನೇ ನೀರಿಗೆ ಎಳೆಯುತ್ತಿದ್ದಾಗ ಬಂದೂಕು ತರಲು ಅವರು ಕೂಗಿಕೊಂಡರೂ, ಫ್ಲಾಹರ್ಟಿ ಅರ್ಥವಾಗದವನಂತೆ ನಟಿಸುತ್ತ ಕ್ಯಾಮೆರಾದ ಹಿಡಿಕೆ ತಿರುಗಿಸುತ್ತಲೇ ಇದ್ದ. ಆ ಹೊತ್ತಿಗಾಗಲೇ ಆ ಜನರ ಕೈಗೆ ಬಂದೂಕು ಬಂದಿತ್ತು, ಚಿತ್ರಕ್ಕಾಗಿ ಅಜ್ಜಂದಿರ ಈಟಿಯನ್ನು ಮತ್ತೆ ಹಿಡಿದಿದ್ದರು. ತೆಗೆದ ಫಿಲ್ಮನ್ನು ಅಲ್ಲೇ ತೊಳೆದು, ಒಯ್ದಿದ್ದ ಪ್ರೊಜೆಕ್ಟರಿನಲ್ಲಿ ಊರವರಿಗೆ ತೋರಿಸಿದಾಗ, ಪ್ರಾಣಿಯನ್ನು ಬಿಡಬೇಡ, ಹಿಡಿ ಎಂದು ಅವರೆಲ್ಲ ತೆರೆಯತ್ತ ಕೂಗಿದರಂತೆ.

ಇಲ್ಲಿ ನಮ್ಮ ಗುಂಪಿನಲ್ಲಿ ಎರಡು ಪಕ್ಷಗಳಾದವು. ಕೆಲವು ಹುಡುಗರು, “ಜಗತ್ತಿನ ಮೊದಲ ಸಾಕ್ಷ್ಯಚಿತ್ರವೇ ನಕಲಿ!” ಎಂದು ಬರೆದುಬಿಡೋಣ, ಸಾವಿರ ಜನ ಓದುತ್ತಾರೆ ಎಂದರು. ಮೊಬೈಲಿನ ಕಾಲದಲ್ಲಿ ಬೆಳೆದವರ ಲೆಕ್ಕಾಚಾರವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಸಾವಿರ ಜನ ಓದುವುದೂ ನಿಜವೇ. ಆದರೆ ಆ ಸಾಲು ಸಂಗತಿಯನ್ನು ಹೇಳುವುದಿಲ್ಲ, ತೀರ್ಪನ್ನು ಹೇಳುತ್ತದೆ. 25 ಅಡಿಯ ಹಿಮದ ಗುಮ್ಮಟವನ್ನು ಮೂರು ಸಲ ಕಟ್ಟಿದ ಕೈಗಳು ನಕಲಿಯಲ್ಲ, ಆ ಚಳಿ ನಕಲಿಯಲ್ಲ, ವಾಲ್ರಸ್ ಹಗ್ಗ ಎಳೆದದ್ದು ನಕಲಿಯಲ್ಲ. ನೈಜವಾದ ಕೆಲಸದಿಂದ ಕಟ್ಟಿದ ಏರ್ಪಾಟಿನ ದೃಶ್ಯ ಅದು. ಅದನ್ನು ಏನೆಂದು ಕರೆಯಬೇಕೆಂಬ ಚರ್ಚೆ ನೂರು ವರ್ಷಗಳಿಂದ ನಡೆದಿದೆ. ಆ ಚರ್ಚೆಗೆ ಓದುಗನನ್ನು ಕರೆತರುವುದು ನಮ್ಮ ಕೆಲಸವಾಗಿತ್ತು, ಬಾಗಿಲಲ್ಲೇ ತೀರ್ಪು ಓದಿ ಕಳಿಸುವುದಲ್ಲ.

ಪ್ರಾಣಿಗಳ ವಿಷಯದಲ್ಲಿ ಮಾತ್ರ ನನಗೆ ಅಷ್ಟು ತಾಳ್ಮೆಯಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಡಿಸ್ನಿ ಸಂಸ್ಥೆಯ ‘ವೈಟ್ ವೈಲ್ಡರ್‌ನೆಸ್’ ಎಂಬ 1958ರ ಚಿತ್ರ ಆಸ್ಕರ್ ಪಡೆದಿತ್ತು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಸಾಮೂಹಿಕವಾಗಿ ನೀರಿಗೆ ಹಾರಿ ಸಾಯುತ್ತವೆಂಬ ನಂಬಿಕೆಯನ್ನು ಜಗತ್ತಿನ ತುಂಬ ಗಟ್ಟಿಮಾಡಿದ್ದು ಆ ಚಿತ್ರ. ಆ ಪ್ರಾಣಿಗಳನ್ನು ಬೇರೆಡೆಯಿಂದ ಕೊಂಡು ತಂದು, ಅಂಚಿನಿಂದ ನೂಕಿ ಚಿತ್ರೀಕರಿಸಿದ್ದೆಂಬುದನ್ನು ಕೆನಡಾದ ಸಿಬಿಸಿ ವಾಹಿನಿ 1980ರ ದಶಕದಲ್ಲಿ ಹೊರಗೆಡಹಿತು. ಅದು ಗೊತ್ತಾಗಿ ದಶಕಗಳೇ ಕಳೆದರೂ, ಲೆಮ್ಮಿಂಗ್‌ಗಳ ‘ಆತ್ಮಹತ್ಯೆ’ ಇಂದಿಗೂ ಸ್ವಾರಸ್ಯದ ಚೌಕಗಳಲ್ಲಿ ಸುತ್ತುತ್ತಿದೆ. ಸಿನಿಮಾದ ಆದಿಕಾಲದಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರವೊಂದರ ರೈಲು ತೆರೆಯ ಮೇಲೆ ಬಂದಾಗ ಪ್ರೇಕ್ಷಕರು ಹೆದರಿ ಓಡಿದರೆಂಬ ಕಥೆಯೂ ಹಾಗೆಯೇ; ಅದಕ್ಕೆ ಸಮಕಾಲೀನ ಪುರಾವೆ ಇಲ್ಲವೆಂದು ಚಲನಚಿತ್ರ ಇತಿಹಾಸಕಾರರು ತೋರಿಸಿದ್ದಾರೆ, ಕಥೆ ಮಾತ್ರ ಓಡುತ್ತಲೇ ಇದೆ. ಸ್ವಾರಸ್ಯದ ಒಂದು ಸಾಲಿಗೆ ತಿದ್ದುಪಡಿ ಹಾಕುವುದು ಕಷ್ಟ; ಮೂರು ಸಾಲಿನ ತಿದ್ದುಪಡಿಯನ್ನು ಓದುವವರು ಯಾರು?

ಸತ್ಯವಾದದ್ದೆಲ್ಲ ಸಪ್ಪೆಯಾಗಿರುತ್ತದೆಂದು ಇದರ ಅರ್ಥವಲ್ಲ. ನಮ್ಮ ನಾಡಿನದೇ ಉದಾಹರಣೆಯಿದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ ಚಿತ್ರಕ್ಕೆ ಸಾಲು ಹುಡುಕುವಾಗ ‘4ಕೆ’ ತಂತ್ರಜ್ಞಾನವನ್ನೋ ಹುಲಿಗಳ ಸಂಖ್ಯೆಯನ್ನೋ ಹಿಡಿಯುವ ಬದಲು, ಕರ್ನಾಟಕದ ಕಾಡುಗಳ ಬಗ್ಗೆ ಮಾತನಾಡಿದ್ದಕ್ಕಾಗಿ ವನ್ಯಜೀವಿ ಚಿತ್ರಗಳ ನಿರೂಪಕರಾದ ಬ್ರಿಟನ್ನಿನ ಡೇವಿಡ್ ಅಟೆನ್‌ಬರೋ ಅವರಿಗೆ 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರೂಪಣೆಯ ಪ್ರಶಸ್ತಿ ಬಂತೆಂದು ಬರೆದರೆ, ಓದುಗ ಒಂದು ಕ್ಷಣ ನಿಲ್ಲುತ್ತಾನೆ. ಸನ್ಮಾನಪತ್ರದ ಸಾಲುಗಳನ್ನು ನಾನು ಮೇಲೆ ಹಳಿದಿದ್ದೇನೆ, ನಿಜ. ಆದರೆ ಈ ಪ್ರಶಸ್ತಿಯ ಸ್ವಾರಸ್ಯವಿರುವುದು ಪ್ರಶಸ್ತಿಯಲ್ಲಲ್ಲ, ಯಾರ ದನಿಯಲ್ಲಿ ಯಾರ ಕಾಡು ಮಾತಾಡಿತು ಎಂಬಲ್ಲಿ. ಆಕರವೂ ಸರ್ಕಾರದ್ದೇ ಪಟ್ಟಿ. ಪರಿಶೀಲಿಸಲು ಐದು ನಿಮಿಷ ಸಾಕು.

ಗಾಳಕ್ಕೆ ಸಿಗದ ಸಂಗತಿಗಳೂ ಇರುತ್ತವೆಂಬುದನ್ನು ಹೇಳದೆ ಈ ಪತ್ರ ಮುಗಿಸಲಾರೆ. ನಾನೂಕನ ಹೆಂಡತಿಯಾಗಿ ನಟಿಸಿದ ಹೆಂಗಸಿಗೂ ಫ್ಲಾಹರ್ಟಿಗೂ ಒಬ್ಬ ಮಗ ಹುಟ್ಟಿದ, ಅವನ ಹೆಸರು ಜೋಸೆಫಿ. ತಂದೆ ಅವನನ್ನು ನೋಡಲು ಮತ್ತೆ ಅಲ್ಲಿಗೆ ಬರಲಿಲ್ಲ. 1950ರ ದಶಕದಲ್ಲಿ ಕೆನಡಾ ಸರ್ಕಾರ ಇನುಕ್ಜುವಾಕ್‌ನ ಕುಟುಂಬಗಳನ್ನು ಇನ್ನೂ ಉತ್ತರಕ್ಕೆ, ಬದುಕು ಅತಿ ಕಠಿಣವಾದ ದ್ವೀಪಗಳಿಗೆ ಸಾಗಿಸಿದಾಗ ಜೋಸೆಫಿಯ ಸಂಸಾರವೂ ಹೋಗಬೇಕಾಯಿತು. ಆ ಸ್ಥಳಾಂತರಕ್ಕಾಗಿ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ನನಗೆ ಇದಕ್ಕಿಂತ ಮನಸ್ಸು ಕಲಕಿದ ಸಂಗತಿ ಇಡೀ ಲೇಖನದಲ್ಲಿ ಬೇರೊಂದಿಲ್ಲ, ಆಕರಗಳೂ ಗಟ್ಟಿಯಾಗಿವೆ. ಆದರೂ ಅದನ್ನು ನೂರು ಅಕ್ಷರಗಳಿಗೆ ಇಳಿಸಿದಾಗಲೆಲ್ಲ ಅದು ನಿರ್ದೇಶಕನ ಖಾಸಗಿ ಬದುಕಿನ ಗುಸುಗುಸು ಆಗಿ ಉಳಿಯುತ್ತಿತ್ತು, ಸರ್ಕಾರ ಮಾಡಿದ ಅನ್ಯಾಯ ಕಣ್ಮರೆಯಾಗುತ್ತಿತ್ತು. ನಾಲ್ಕು ಬಗೆಯಲ್ಲಿ ಬರೆದು ನೋಡಿ, ಅದನ್ನು ಲೇಖನದೊಳಗೆ ಎರಡು ಪೂರ್ಣ ಪರಿಚ್ಛೇದಗಳಲ್ಲಿ ಬಿಟ್ಟು, ಗಾಳದಿಂದ ಕೈಬಿಟ್ಟೆವು.

ಮೂರನೆಯ ಶನಿವಾರ ನಾವು ಒಪ್ಪಿದ ಸಾಲು ಹೀಗಿದೆ: “1922ರ ‘ನಾನೂಕ್ ಆಫ್ ದ ನಾರ್ತ್’ ಸಾಕ್ಷ್ಯಚಿತ್ರದಲ್ಲಿ ಆ ಕುಟುಂಬ ಮಲಗೇಳುವ ಹಿಮದ ಮನೆಯ ಅರ್ಧ ಗುಮ್ಮಟವನ್ನು, ಕ್ಯಾಮೆರಾಗೆ ಬೆಳಕು ಸಾಲದೆಂದು ಕತ್ತರಿಸಿ ತೆಗೆಯಲಾಗಿತ್ತೆಂದು ನಿಮಗೆ ಗೊತ್ತೇ?” ಇದರಲ್ಲಿ ಕಣ್ಣೀರಿಲ್ಲ, ಹಗರಣವೂ ಇಲ್ಲ. ಆದರೆ ಇದನ್ನು ಓದಿದವರು ಆಮೇಲೆ ಚಿತ್ರ ನೋಡಿದರೆ, ಆ ದೃಶ್ಯದಲ್ಲಿ ಬೆಳಕು ಎಲ್ಲಿಂದ ಬಂತೆಂದು ಹುಡುಕದೆ ಇರಲಾರರು. ಕೆಳಗೆ ಆಕರವಿದೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೂಲದೊಂದಿಗೆ ಹೋಲಿಸಿ ನೋಡಿದ್ದಾರೆ. ಪ್ರಶ್ನೆ ಕೇಳಿದ ಹುಡುಗಿಯೇ ಆ ಪರಿಶೀಲನೆ ಮಾಡಿದಳೆಂಬುದನ್ನು ವಿಶೇಷವಾಗಿ ತಿಳಿಸುತ್ತೇನೆ. ಅಡ್ಡಳತೆಯ ಅಂಕಿಯನ್ನೂ ಸಾಲಿನೊಳಗೆ ತುರುಕಬೇಕೆಂದಿದ್ದ ನನ್ನ ಆಸೆಯನ್ನು ಅವಳು ಜಾಗವಿಲ್ಲವೆಂದು ಹೊಡೆದುಹಾಕಿದಳು.

ಇನ್ನು ತಮ್ಮಲ್ಲಿ ನನ್ನ ಕೋರಿಕೆ. ಭಾನುವಾರದ ಚೌಕವನ್ನು ನಿಲ್ಲಿಸಬೇಡಿ. ನಮ್ಮ ಊರಿನ ಸಲೂನಿನಲ್ಲಿ ಸರದಿಗೆ ಕಾಯುವವರು ಪುರವಣಿಯಲ್ಲಿ ಮೊದಲು ಓದುವುದು ಅದನ್ನೇ, ನಾನೂ ಅದನ್ನೇ. ಆದರೆ ಆ ಚೌಕದ ಕೆಳಗೆ, ಪದಬಂಧದ ಉತ್ತರವನ್ನು ಅಚ್ಚುಮಾಡುವಷ್ಟೇ ಸಣ್ಣ ಅಕ್ಷರದಲ್ಲಿ, ಸಂಗತಿ ಎಲ್ಲಿಂದ ಬಂತೆಂದು ಅರ್ಧ ಸಾಲು ಹಾಕಲು ಸಾಧ್ಯವೇ ಎಂದು ಪುರವಣಿಯ ಬಳಗದವರನ್ನು ಕೇಳಿ ನೋಡಬೇಕೆಂದು ವಿನಂತಿಸುತ್ತೇನೆ. ಬರೆದವರು ಒಬ್ಬರು, ನೋಡಿದವರು ಇನ್ನೊಬ್ಬರು ಎಂಬ ಏರ್ಪಾಟೂ ಇದ್ದರೆ ಒಳ್ಳೆಯದು. ಕಳೆದ ತಿಂಗಳ ಆ ಸಾಲಿಗೆ ತಿದ್ದುಪಡಿ ಪ್ರಕಟಿಸುವ ಮನಸ್ಸಿದ್ದರೆ, ಹಸಿವಿನ ಸಾವಿನ ಸುದ್ದಿ ಫ್ಲಾಹರ್ಟಿಗೆ ಅಂಚೆಯಲ್ಲಿ ಬಂದದ್ದು, ಕಾರಣ ಬಹುಶಃ ಕ್ಷಯ, ಮತ್ತು ಆ ವ್ಯಕ್ತಿಯ ಹೆಸರು ಅಲ್ಲಕರಿಯಲ್ಲಕ್ ಎಂಬ ಮೂರು ಮಾತುಗಳು ಸಾಕು. ಹೆಸರಿನಲ್ಲಿ ‘ಲ್ಲ’ ಎರಡು ಕಡೆ ಬರುತ್ತದೆ; ಅಚ್ಚಿಗೆ ಹೋಗುವ ಮುನ್ನ ಅದನ್ನೊಂದು ಸಲ ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕ
ಶಿವಮೊಗ್ಗ ಜಿಲ್ಲೆ